ನಿಮ್ಮ ಆಮೆಗೆ ಎಷ್ಟು ಚೆನ್ನಾಗಿ ಕಾಣುತ್ತದೆ? ಗೆರೆ ಕಾರ್ಡ್ ಇಟ್ಟು ಅಳೆಯುವ ವಿಧಾನ

"ನಾನು ರೂಮಿಗೆ ಕಾಲಿಟ್ಟ ಕೂಡಲೇ ನಮ್ಮ ಆಮೆ ಗಾಜಿನ ಹತ್ತಿರ ಈಜಿ ಬರುತ್ತದೆ. ನನ್ನನ್ನು ನೋಡಿ ಬರುತ್ತದಾ, ಹೆಜ್ಜೆ ಸಪ್ಪಳಕ್ಕೆ ಬರುತ್ತದಾ?" "ಪೆಲೆಟ್ ಮೂಗಿನ ಮುಂದೆಯೇ ಇದ್ದರೂ ಪಕ್ಕಕ್ಕೆ ಬಾಯಿ ಹಾಕುತ್ತದೆ, ಕಣ್ಣು ಮಂದ ಇರಬಹುದಾ?" "ಬಿ.ಎಸ್ಸಿ. ಪ್ರಾಜೆಕ್ಟ್‌ಗೆ ಆಮೆಯ ದೃಷ್ಟಿ ಅಳೆಯಬೇಕು, ಎಲ್ಲಿಂದ ಶುರು ಮಾಡಲಿ?" ಈ ಮೂರು ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಪ್ರತಿಯೊಬ್ಬರಿಗೂ ತುಂಡು ತುಂಡಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಆಮೆಯನ್ನು ಕೂರಿಸಿ "ಕೆಳಗಿನ ಸಾಲು ಓದು" ಅನ್ನಲು ಆಗುವುದಿಲ್ಲ. ನಾವು ಕೇಳಿದ್ದಕ್ಕೆ ಅದು ಈಜಿ ಉತ್ತರ ಹೇಳಬೇಕು. ತೊಂದರೆ ಇರುವುದು ಇಲ್ಲೇ. ನೀವು ಗೆರೆಯ ಬಗ್ಗೆ ಕೇಳುತ್ತಿರುತ್ತೀರಿ, ಅದು ವಾಸನೆಗೋ ಬೆಳಕಿಗೋ ನಿಮ್ಮ ಕೈ ಅಲುಗಾಟಕ್ಕೋ ಉತ್ತರ ಕೊಡುತ್ತಿರುತ್ತದೆ. ಕಾರ್ಡ್ ಮಾಡುವುದು ಅರ್ಧ ದಿನದ ಕೆಲಸ. ಈ ಕಳ್ಳದಾರಿಗಳನ್ನು ಒಂದೊಂದಾಗಿ ಮುಚ್ಚುವುದಕ್ಕೇ ವಾರಗಟ್ಟಲೆ ಹಿಡಿಯುತ್ತದೆ.

ಯಾವ ಆಮೆ?

ಈ ವಿಧಾನ ರೆಡ್ ಇಯರ್ಡ್ ಸ್ಲೈಡರ್ ಸಾಕಿದವರಿಗೆ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ, ಅಕ್ವೇರಿಯಂ ಅಂಗಡಿಗಳಲ್ಲಿ ಮರಿಯಾಗಿದ್ದಾಗಲೇ ಮಾರುವ ಆಮೆ ಇದು. ಮೂಲ ಅಮೆರಿಕದ ಮಿಸಿಸಿಪಿ ನದಿಯ ಸುತ್ತಮುತ್ತ. ಆಮೆಗಳ ಕಣ್ಣಿನ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಸಂಗತಿ ಈ ಜಾತಿಯಿಂದಲೇ ಬಂದಿದ್ದು.

ಊರ ಕೆರೆಯಲ್ಲಿ ಸಿಗುವ ಫ್ಲಾಪ್‌ಶೆಲ್ ಆಮೆ, ಒಣ ನಾಡಿನ ನಕ್ಷತ್ರ ಆಮೆ, ಕಡಲಾಮೆ ಇವ್ಯಾವುದನ್ನೂ ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವನ್ನು ಹಿಡಿಯುವುದು, ಸಾಕುವುದು ಎರಡೂ ಅಪರಾಧ. "ಎರಡು ದಿನ ಇಟ್ಟುಕೊಂಡು ವಾಪಸ್ ಬಿಡ್ತೀನಿ" ಅಂದರೂ ನಡೆಯುವುದಿಲ್ಲ. ಕಾಲೇಜಿನಲ್ಲಿ ಮಾಡುವವರು, ಆಮೆ ನಿಮ್ಮದೇ ಆಗಿದ್ದರೂ, ಮೊದಲು ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ. ಪ್ರಾಜೆಕ್ಟ್ ಮುಗಿದ ಮೇಲೆ ಸ್ಲೈಡರನ್ನು ಕೆರೆಗೆ ಬಿಡುವ ಯೋಚನೆಯನ್ನಂತೂ ಮಾಡಲೇಬೇಡಿ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಮ್ಮ ಆಮೆಗಳ ಊಟ, ಬಿಸಿಲು ಕಾಯಿಸುವ ಜಾಗ ಎರಡನ್ನೂ ಅದು ಕಿತ್ತುಕೊಳ್ಳುತ್ತದೆ.

ಅಳೆಯುವ ಮೊದಲು ಕಣ್ಣನ್ನೇ ನೋಡಿ

ಹಗಲು ಬೆಳಕಿನಲ್ಲಿ ಆಮೆಯ ಎರಡೂ ಕಣ್ಣನ್ನು ಹತ್ತಿರದಿಂದ ನೋಡಿ. ರೆಪ್ಪೆ ಊದಿದೆಯಾ? ಬಿಳಿ ಪೊರೆ ಕಟ್ಟಿದೆಯಾ? ಮುಂಗಾಲಿನಿಂದ ಕಣ್ಣು ಉಜ್ಜಿಕೊಳ್ಳುತ್ತದಾ? ಒಣ ಸೀಗಡಿ ಒಂದನ್ನೇ ತಿಂದು ಬೆಳೆದ ಸ್ಲೈಡರ್‌ಗಳಲ್ಲಿ ವಿಟಮಿನ್ ಎ ಕಡಿಮೆಯಾಗಿ ರೆಪ್ಪೆ ಬಾತುಕೊಂಡು ಕಣ್ಣು ಮುಚ್ಚಿಹೋಗುವುದು ತೀರಾ ಸಾಮಾನ್ಯ. ಅಂಥ ಆಮೆಗೆ ಬೇಕಾಗಿರುವುದು ಡಾಕ್ಟರು, ಗೆರೆ ಕಾರ್ಡ್ ಅಲ್ಲ. ಅಂಗಡಿಯವರು ಕೊಡುವ ವಿಟಮಿನ್ ಹನಿಯನ್ನು ಸುಮ್ನೆ ಹಾಕಬೇಡಿ. ವಿಟಮಿನ್ ಎ ಜಾಸ್ತಿಯಾದರೆ ಚರ್ಮ ಸುಲಿಯುವ ತೊಂದರೆ ಬರುತ್ತದೆ.

ನಾವು ಅಳೆಯುವುದು ಏನನ್ನು?

ದೃಷ್ಟಿಯ ಸೂಕ್ಷ್ಮತೆಯನ್ನು. ಅಂದರೆ ಪಕ್ಕಪಕ್ಕದಲ್ಲಿರುವ ಎರಡು ಗೆರೆಗಳನ್ನು ಬೇರೆ ಬೇರೆಯಾಗಿ ಕಾಣುವ ಶಕ್ತಿ. ಕಪ್ಪು ಬಿಳಿ ಪಟ್ಟಿಗಳನ್ನು ಸಣ್ಣ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಎಲ್ಲ ಕಲಸಿ ಬರೀ ಬೂದು ಕಾಣುತ್ತದೆ. ಆ ಹಂತ ಯಾವುದು ಅಂತ ಹುಡುಕುವುದೇ ಇಡೀ ಪರೀಕ್ಷೆ.

ಗೆರೆಯ ಅಗಲವನ್ನು ಬರೀ ಮಿಲಿಮೀಟರಿನಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಹತ್ತಿರದಿಂದ ದೊಡ್ಡದು, ದೂರದಿಂದ ಚಿಕ್ಕದು, ಅಲ್ವಾ? ಅದಕ್ಕೇ ಕಣ್ಣಿನಲ್ಲಿ ಅದು ಎಷ್ಟು ಕೋನ ಹಿಡಿಯುತ್ತದೆ ಅಂತ ಡಿಗ್ರಿಯಲ್ಲಿ ಹೇಳುತ್ತಾರೆ. ಒಂದು ಕಪ್ಪು, ಒಂದು ಬಿಳಿ ಸೇರಿ ಒಂದು ಜೋಡಿ. ಒಂದು ಡಿಗ್ರಿಯೊಳಗೆ ಎಷ್ಟು ಜೋಡಿಗಳನ್ನು ಬಿಡಿಸಿ ನೋಡಬಲ್ಲದು ಅನ್ನುವುದೇ ನಮಗೆ ಬೇಕಾದ ಸಂಖ್ಯೆ.

ಲೆಕ್ಕ ಸುಲಭ ಮಾಡುವ ಒಂದು ದೂರವಿದೆ: 57 ಸೆಂ.ಮೀ. ಅಷ್ಟು ದೂರದಲ್ಲಿ 1 ಸೆಂ.ಮೀ. ಅಗಲದ ವಸ್ತು ಸರಿಸುಮಾರು 1 ಡಿಗ್ರಿ ಹಿಡಿಯುತ್ತದೆ. ಹಾಗಾಗಿ ಜೋಡಿಯ ಅಗಲ 1 ಸೆಂ.ಮೀ. ಇದ್ದರೆ ಡಿಗ್ರಿಗೆ 1 ಜೋಡಿ, 5 ಮಿ.ಮೀ. ಇದ್ದರೆ 2, 2 ಮಿ.ಮೀ. ಇದ್ದರೆ 5, 1 ಮಿ.ಮೀ. ಇದ್ದರೆ 10. ನಿಮ್ಮ ತೊಟ್ಟಿಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಈ ಸೂತ್ರ ಬಳಸಿ:

ಡಿಗ್ರಿಗೆ ಜೋಡಿ = ದೂರ ÷ (57.3 × ಒಂದು ಜೋಡಿಯ ಅಗಲ)

ಎರಡೂ ಅಳತೆ ಸೆಂ.ಮೀ.ನಲ್ಲಿರಲಿ. 40 ಸೆಂ.ಮೀ. ದೂರದಲ್ಲಿ 2 ಮಿ.ಮೀ. ಜೋಡಿ ಇಟ್ಟರೆ 40 ÷ (57.3 × 0.2), ಅಂದರೆ ಸುಮಾರು 3.5.

ಬೇಕಾಗುವ ಸಾಮಾನು

ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ. ಅಪಾರದರ್ಶಕ ಪ್ಲಾಸ್ಟಿಕ್ ಶೀಟ್ ಒಂದು, ಪಾರದರ್ಶಕ ಅಕ್ರಿಲಿಕ್ ಶೀಟ್ ಇನ್ನೊಂದು. ಪೆಲೆಟ್ ಜಾರಿಬೀಳುವಷ್ಟು ದಪ್ಪದ ಎರಡು ಪಿವಿಸಿ ಪೈಪ್. ಲೇಸರ್ ಪ್ರಿಂಟರ್, ಹೊಳಪಿಲ್ಲದ ಬಿಳಿ ಕಾಗದ. ನೀರಿನ ಥರ್ಮಾಮೀಟರ್, ಹೀಟರ್. ಒಂದು ಹಳೇ ಪರದೆ, ಒಂದು ನೋಟ್‌ಬುಕ್. ಫೋನ್ ಕ್ಯಾಮೆರಾ ಇದ್ದೇ ಇರುತ್ತದೆ.

ಹಂತ 1: ಗೆರೆ ಕಾರ್ಡ್ ಮುದ್ರಿಸಿ

12 ಸೆಂ.ಮೀ. ಚೌಕದ ಕಾರ್ಡ್ ಸಾಕು. ಜೋಡಿಯ ಅಗಲ ಹೀಗಿರಲಿ: 40, 20, 10, 5, 3.3, 2.5, 2, 1.6, 1.25, 1 ಮಿ.ಮೀ. ಗೆರೆಗಳು ನೆಟ್ಟಗೆ ನಿಂತಿರಲಿ.

ಇಲ್ಲಿ ಹೆಚ್ಚಿನವರು ಎಡವುವುದು ಪ್ರಿಂಟರಿನಲ್ಲಿ. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ ಹಾಕುವ ಪ್ರಿಂಟರಿನ ಒಂದು ಚುಕ್ಕೆ ಸುಮಾರು 0.042 ಮಿ.ಮೀ. ಗೆರೆಯ ಅಗಲ ಪೂರ್ಣ ಚುಕ್ಕೆಗಳಲ್ಲಿ ಬರದಿದ್ದರೆ ಒಂದು ಗೆರೆ ದಪ್ಪ, ಒಂದು ತೆಳು ಆಗಿ ಅಲ್ಲಲ್ಲಿ ದಪ್ಪ ಪಟ್ಟಿಗಳ ಅಲೆ ಕಾಣಿಸುತ್ತದೆ. ಆಮೆ ಆ ಅಲೆಯನ್ನೇ ನೋಡಿ ಕಾರ್ಡ್ ಗುರುತಿಸಿಬಿಡುತ್ತದೆ, ನೀವು ಅದರ ಕಣ್ಣು ಬಲು ಚುರುಕು ಅಂದುಕೊಳ್ಳುತ್ತೀರಿ. ಅರ್ಧ ಮಿ.ಮೀ. ಗೆರೆಗೆ 12 ಚುಕ್ಕೆ ಹೀಗೆ ಪೂರ್ಣ ಸಂಖ್ಯೆ ಕೊಡಿ. "ಪುಟಕ್ಕೆ ಹೊಂದಿಸು" ಆಯ್ಕೆ ತೆಗೆದುಹಾಕಿ. ಮುದ್ರಿಸಿದ ಮೇಲೆ 20 ಗೆರೆ ಎಣಿಸಿ, ಸ್ಕೇಲ್ ಇಟ್ಟು ಅಳೆದು ನೋಡಿ.

ಬಣ್ಣದ ಪ್ರಿಂಟರ್ ಬೇಡ. ಅದು ಬೂದು ಬಣ್ಣಕ್ಕೆ ಮೂರು ಬಣ್ಣಗಳನ್ನು ಬೆರೆಸುತ್ತದೆ. ನಮಗೆ ಬೂದಾಗಿ ಕಂಡದ್ದು ಆಮೆಗೆ ಹಾಗೆ ಕಾಣಬೇಕೆಂದೇನಿಲ್ಲ, ಯಾಕೆಂದರೆ ನಮಗೆ ಬಣ್ಣದ ಗ್ರಾಹಕ ಕೋಶಗಳು ಮೂರು ಬಗೆ, ಅದಕ್ಕೆ ನಾಲ್ಕು. ಕಪ್ಪು ಶಾಯಿ ಮಾತ್ರ ಇರಲಿ.

ಹಂತ 2: ಬೂದು ಕಾರ್ಡ್ ಮಾಡಿ, ಇಲ್ಲಿ ಆತುರ ಬೇಡ

ಪ್ರತಿ ಸಲ ಆಮೆಯ ಮುಂದೆ ಎರಡು ಕಾರ್ಡ್ ಇರುತ್ತವೆ: ಒಂದು ಗೆರೆಯದು, ಒಂದು ಬರೀ ಬೂದು. ಎರಡೂ ಒಟ್ಟಾರೆ ಒಂದೇ ಹೊಳಪಿನವು ಆಗಿರಲೇಬೇಕು. ಬೂದು ಸ್ವಲ್ಪ ಕಪ್ಪಾದರೂ "ಬೆಳ್ಳಗಿರುವ ಕಡೆ ಹೋದರೆ ಊಟ" ಅಂತ ಆಮೆ ಕಲಿತುಬಿಡುತ್ತದೆ. ಅಂಥ ಆಮೆ ಎಷ್ಟೇ ಸಣ್ಣ ಗೆರೆ ಇಟ್ಟರೂ ಪಾಸಾಗುತ್ತಲೇ ಇರುತ್ತದೆ.

ಕಂಪ್ಯೂಟರಿನಲ್ಲಿ ಕಪ್ಪು 0, ಬಿಳಿ 255, ಹಾಗಾದರೆ ನಡುವಿನ ಬೂದು 128 ಅಂತ ಲೆಕ್ಕ ಹಾಕಬೇಡಿ. 128 ಅನ್ನುವುದು ಬೆಳಕಿನ ಲೆಕ್ಕದಲ್ಲಿ ಅರ್ಧಕ್ಕಿಂತ ಬಹಳ ಕಡಿಮೆ. 188ರ ಸುತ್ತ ಶುರು ಮಾಡಿ, 170ರಿಂದ 205ರವರೆಗೆ ಆರೇಳು ಬೂದುಗಳನ್ನು ಮುದ್ರಿಸಿಕೊಳ್ಳಿ. ಈಗ 1 ಮಿ.ಮೀ. ಗೆರೆ ಕಾರ್ಡನ್ನೂ ಈ ಬೂದುಗಳನ್ನೂ ಗೋಡೆಗೆ ಅಂಟಿಸಿ ಹಿಂದಕ್ಕೆ ನಡೆಯಿರಿ. ಗೆರೆಗಳು ನಿಮ್ಮ ಕಣ್ಣಿಗೇ ಕಲಸಿಹೋದ ಜಾಗದಲ್ಲಿ ನಿಂತು ನೋಡಿದರೆ ಯಾವ ಬೂದು ಅದಕ್ಕೆ ಹೊಂದುತ್ತದೆ ಅಂತ ಗೊತ್ತಾಗುತ್ತದೆ. ದಪ್ಪ ಗೆರೆಯ ಕಾರ್ಡ್‌ಗಳಿಗೆ ಫೋಟೋ ತೆಗೆದು ಅದನ್ನು ಗೆರೆ ಕಾಣದಷ್ಟು ಚಿಕ್ಕದು ಮಾಡಿ ಹೋಲಿಸಿ.

ಸರಿಹೊಂದಿದ ಬೂದಿನ ಜೊತೆಗೆ ಅದಕ್ಕಿಂತ ತುಸು ತಿಳಿ ಎರಡು, ತುಸು ಕಪ್ಪು ಎರಡು ಇಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಈ ಐದನ್ನೂ ಕಲಸಿ ಬಳಸಿ. ಒಮ್ಮೆ ಬೂದು ತಿಳಿ, ಒಮ್ಮೆ ಕಪ್ಪು ಆದಾಗ ಹೊಳಪನ್ನು ನಂಬಿ ಆಮೆಗೆ ಲಾಭವಾಗುವುದಿಲ್ಲ.

ಹಂತ 3: ತೊಟ್ಟಿಯಲ್ಲಿ ಎರಡು ಓಣಿ ಮಾಡಿ

ತೊಟ್ಟಿಯ ಒಂದು ತುದಿಯ ಗಾಜಿನಿಂದ ಶುರು ಮಾಡಿ ನಡುವೆ 57 ಸೆಂ.ಮೀ. ಉದ್ದಕ್ಕೆ ಅಪಾರದರ್ಶಕ ಶೀಟ್ ನಿಲ್ಲಿಸಿ. ಈಗ ಪಕ್ಕಪಕ್ಕ ಎರಡು ಓಣಿಗಳಾದವು. ಒಂದೊಂದು ಓಣಿಯ ಕೊನೆಗೆ ಒಂದೊಂದು ಕಾರ್ಡ್. ಆಮೆ ತೊಟ್ಟಿಯ ಇನ್ನೊಂದು ತುದಿಯಲ್ಲಿ ಅಕ್ರಿಲಿಕ್ ಶೀಟಿನ ಹಿಂದೆ ಕಾಯುತ್ತದೆ. ಶೀಟ್ ಎತ್ತಿದ ಮೇಲೆ ಅದರ ಮೂಗು ಯಾವ ಓಣಿಯ ಬಾಯಿ ದಾಟಿತೋ ಅದೇ ಉತ್ತರ. ಆಮೇಲೆ ಮನಸ್ಸು ಬದಲಾಯಿಸಿ ತಿರುಗಿ ಬಂದರೆ ಲೆಕ್ಕಕ್ಕಿಲ್ಲ. ಈ ನಿಯಮ ಬಿಗಿಯಾಗಿದ್ದರೆ ಮಾತ್ರ "57 ಸೆಂ.ಮೀ. ದೂರದಿಂದ ನೋಡಿತು" ಅನ್ನಲು ಸಾಧ್ಯ.

ಕಾರ್ಡನ್ನು ಗಾಜಿನ ಹೊರಗಿನಿಂದ, ಮುಖ ಒಳಗೆ ಮಾಡಿ, ಗಾಜಿಗೆ ತಾಗಿಸಿ ಅಂಟಿಸಿ. ದೂರದಲ್ಲಿ ನಿಲ್ಲಿಸಬೇಡಿ. ನೀರಿನೊಳಗಿಂದ ಹೊರಗೆ ನೋಡುವಾಗ ಹೊರಗಿನ ದೂರ 1.33 ಪಟ್ಟು ಹೆಚ್ಚಾಗಿ ಕಾಣುತ್ತದೆ. ಗಾಜಿನಿಂದ 10 ಸೆಂ.ಮೀ. ಆಚೆ ಕಾರ್ಡ್ ಇಟ್ಟರೆ ಅದನ್ನು 13.3 ಅಂತ ಸೇರಿಸಬೇಕು. ಅಂಟಿಸಿಬಿಟ್ಟರೆ ಈ ತಲೆನೋವೇ ಇಲ್ಲ.

ಕಾರ್ಡಿನ ಎತ್ತರದ ಬಗ್ಗೆ ಯಾರೂ ಯೋಚಿಸುವುದಿಲ್ಲ, ಆದರೆ ಇದು ಮುಖ್ಯ. ಸ್ಲೈಡರಿನ ಅಕ್ಷಿಪಟಲದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಬೆಳಕು ಹಿಡಿಯುವ ಪದರದಲ್ಲಿ, ಕೋಶಗಳು ದಟ್ಟವಾಗಿರುವುದು ಒಂದು ಅಡ್ಡ ಪಟ್ಟಿಯಲ್ಲಿ. ನಮ್ಮ ಹಾಗೆ ನಡುವಿನ ಒಂದು ಚುಕ್ಕೆಯಲ್ಲಿ ಅಲ್ಲ. ಹಾಗಾಗಿ ಅದಕ್ಕೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕ್ಷಿತಿಜದ ಉದ್ದಕ್ಕೂ. ಮೈ ಓರೆಯಾದರೂ ಕಣ್ಣುಗುಡ್ಡೆ ಹೊರಳಿ ಆ ಪಟ್ಟಿಯನ್ನು ಸಮತಲಕ್ಕೆ ತಂದುಕೊಳ್ಳುತ್ತದೆ ಅಂತ 1969ರಲ್ಲೇ ಬ್ರೌನ್ ಎಂಬ ವಿಜ್ಞಾನಿ ತೋರಿಸಿದ್ದರು. ಆಮೆಯನ್ನು ಕೈಯಲ್ಲಿ ಹಿಡಿದು ಮೂಗು ಮೇಲಾಗುವಂತೆ ನಿಧಾನಕ್ಕೆ ಓರೆ ಮಾಡಿದರೆ ನೀವೇ ನೋಡಬಹುದು. ಅದರ ಕಣ್ಣಿನ ಪಾಪೆಗೆ ಅಡ್ಡಲಾಗಿ ಒಂದು ಕಪ್ಪು ಗೆರೆ ಇರುತ್ತದೆ, ತಲೆ ಎತ್ತಿದಂತೆ ಆ ಗೆರೆ ಸಮತಲ ಬಿಡದೆ ಹಿಮ್ಮುಖ ಹೊರಳುತ್ತದೆ. ಕಾರ್ಡಿನ ನಡುಭಾಗ ಆಮೆ ಈಜುವ ಮಟ್ಟಕ್ಕೇ ಇರಲಿ. ನೀರು ತೀರಾ ಆಳವಿದ್ದರೆ ಅದು ಮೇಲೆ ಕೆಳಗೆ ಓಡಾಡುತ್ತದೆ, 20 ಸೆಂ.ಮೀ. ಸಾಕು.

ಬೆಳಕು ಕಾರ್ಡಿನ ಮುಖದ ಮೇಲೆ ಬೀಳಬೇಕು. ಆದರೆ ಕಾಗದದ ಹಿಂದಿನಿಂದ ಬಂದರೆ ಗೆರೆ ಮಂಕಾಗುತ್ತದೆ, ಅದಕ್ಕೆ ಕಾರ್ಡಿನ ಬೆನ್ನಿಗೆ ಕಪ್ಪು ರಟ್ಟು ಕೊಟ್ಟು, ದೀಪವನ್ನು ತೊಟ್ಟಿಯ ಮೇಲಿನಿಂದ ಓಣಿಯ ಕೊನೆಗೆ ತಿರುಗಿಸಿ. ಎರಡೂ ಓಣಿಗೆ ಒಂದೇ ಬೆಳಕು ಬೀಳುತ್ತಿದೆಯಾ ಅಂತ ಬೆಳಕು ಅಳೆಯುವ ಫೋನಿನ ಲಕ್ಸ್ ಆಪ್‌ನಲ್ಲಿ ನೋಡಿ, ಸಂಖ್ಯೆ ಬರೆದಿಡಿ. ಬೆಳಕು ಕಡಿಮೆಯಾದರೆ ಸೂಕ್ಷ್ಮತೆಯೂ ಇಳಿಯುತ್ತದೆ, ಪ್ರತಿದಿನ ಒಂದೇ ಇರಬೇಕು. ಅತಿನೇರಳೆ ಬೆಳಕು ಕೊಡುವ ಯುವಿಬಿ ಬಲ್ಬನ್ನು ಪರೀಕ್ಷೆಯ ಹೊತ್ತಿಗೆ ಆರಿಸಿ. ಬಿಳಿ ಕಾಗದಕ್ಕೆ ಹಾಕಿರುವ ಹೊಳಪುಕಾರಕ ಅತಿನೇರಳೆ ಬೆಳಕಿಗೆ ಮಿನುಗುತ್ತದೆ. ಅತಿನೇರಳೆ ನಮಗೆ ಕಾಣುವುದಿಲ್ಲ, ಆಮೆಗೆ ಕಾಣುತ್ತದೆ.

ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಹೀಟರ್ ಇಲ್ಲದ ತೊಟ್ಟಿಯ ಆಮೆಗೆ ಯಾವ ಪರೀಕ್ಷೆಯೂ ಬೇಡವಾಗಿರುತ್ತದೆ. ಅದು ಕಣ್ಣಿನ ದೋಷ ಅಲ್ಲ, ಚಳಿ.

ಹಂತ 4: ಗೆರೆ ಕಂಡರೆ ಊಟ ಅಂತ ಕಲಿಸಿ

ಮೊದಲು ಬೂದು ಕಾರ್ಡ್ ಬೇಡ. 40 ಮಿ.ಮೀ. ಜೋಡಿಯ ಕಾರ್ಡನ್ನು ಒಂದು ಓಣಿಗೆ ಅಂಟಿಸಿ, ಇನ್ನೊಂದು ಓಣಿ ಮುಚ್ಚಿ. ಆಮೆ ಕಾರ್ಡಿನ ಹತ್ತಿರ ಬಂದಾಗಲೆಲ್ಲ ಪೈಪಿನಿಂದ ಒಂದು ಪೆಲೆಟ್ ಬೀಳಿಸಿ. ಒಮ್ಮೆ ಎಡ, ಒಮ್ಮೆ ಬಲ ಬದಲಾಯಿಸಿ. ಶೀಟ್ ಎತ್ತಿದ ಕೂಡಲೇ ಅದು ನೇರ ಕಾರ್ಡಿಗೆ ಹೋಗುವವರೆಗೆ ಇಷ್ಟೇ ಮಾಡಿ.

ಹೊಟ್ಟೆ ತುಂಬಿದ ಆಮೆ ಕಲಿಯುವುದಿಲ್ಲ, ಹಾಗಂತ ಉಪವಾಸ ಕೆಡವಬೇಡಿ. ದೊಡ್ಡ ಸ್ಲೈಡರ್‌ಗಳಿಗೆ ಹೇಗೂ ದಿನ ಬಿಟ್ಟು ದಿನ ಊಟ ಹಾಕುತ್ತೇವೆ. ಊಟದ ದಿನದ ಪಾಲನ್ನೇ ಪರೀಕ್ಷೆಯಲ್ಲಿ ತಿನ್ನಲಿ. ಮರಿಗಳಿಗೆ ದಿನವೂ ಪೂರ್ತಿ ಊಟ ಬೇಕು. ಪರೀಕ್ಷೆಯಲ್ಲಿ ಕಡಿಮೆ ತಿಂದಿದ್ದರೆ ಆಮೇಲೆ ಹಾಕಿ.

ಹಂತ 5: ಎರಡರಲ್ಲಿ ಒಂದು ಆರಿಸಲಿ

ಈಗ ಎರಡೂ ಓಣಿ ತೆರೆಯಿರಿ. ಒಂದರಲ್ಲಿ ಗೆರೆ, ಇನ್ನೊಂದರಲ್ಲಿ ಬೂದು. ಗೆರೆಯ ಓಣಿಗೆ ಹೋದರೆ ಪೆಲೆಟ್. ಬೂದಿನ ಓಣಿಗೆ ಹೋದರೆ ಏನೂ ಇಲ್ಲ, ಅರ್ಧ ನಿಮಿಷ ಬಿಟ್ಟು ಅಕ್ರಿಲಿಕ್ ಶೀಟಿನಿಂದ ಮೆಲ್ಲಗೆ ಹಿಂದಕ್ಕೆ ಕರೆತನ್ನಿ. ಕೈಯಲ್ಲಿ ಎತ್ತಬೇಡಿ, ಬೈಯಬೇಡಿ, ತೊಟ್ಟಿ ತಟ್ಟಬೇಡಿ. ಹೆದರಿದ ಆಮೆ ಚಿಪ್ಪಿನೊಳಗೆ ತಲೆ ಎಳೆದುಕೊಂಡರೆ ಆ ದಿನ ಮುಗಿಯಿತು.

ಕಳ್ಳದಾರಿಗಳು ಜಾಸ್ತಿ ಇರುವುದು ಈ ಹಂತದಲ್ಲೇ.

ವಾಸನೆ: ಪೆಲೆಟ್ ಮೊದಲೇ ಒಂದು ಓಣಿಯಲ್ಲಿ ಇಡಬೇಡಿ. ಎರಡೂ ಪೈಪಿನ ಬಾಯಲ್ಲಿ ಪೆಲೆಟ್ ಸಿದ್ಧವಿರಲಿ, ಉತ್ತರ ಬಂದ ಮೇಲೆ ಬೀಳಲಿ. ಬಿದ್ದ ಪುಡಿಯನ್ನು ಜಾಲರಿಯಿಂದ ತೆಗೆಯಿರಿ.

ನೀವು: ನೀವು ಯಾವ ಕಡೆ ನಿಂತಿದ್ದೀರಿ, ಯಾವ ಪೈಪಿಗೆ ಕೈ ಹಾಕಿದ್ದೀರಿ ಅನ್ನುವುದನ್ನು ಆಮೆ ಗಮನಿಸುತ್ತದೆ. ಆಮೆಯ ಬೆನ್ನ ಹಿಂದೆ ಪರದೆ ಕಟ್ಟಿ ಅದರ ಮರೆಯಲ್ಲಿ ನಿಲ್ಲಿ, ಫೋನ್ ಕ್ಯಾಮೆರಾದಲ್ಲಿ ನೋಡಿ. ಇನ್ನೊಬ್ಬರು ಕಾರ್ಡ್ ಅಂಟಿಸಿ, ಶೀಟ್ ಎತ್ತುವವರಿಗೆ ಯಾವ ಕಡೆ ಗೆರೆ ಇದೆ ಅಂತ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಸರದಿ: ಎಡ, ಬಲ, ಎಡ, ಬಲ ಅಂತ ಇಟ್ಟರೆ ಆಮೆ ಸರದಿ ಕಲಿಯುತ್ತದೆ. ಪಟ್ಟಿಯನ್ನು ಮೊದಲೇ ನಾಣ್ಯ ಚಿಮ್ಮಿ ಬರೆದುಕೊಳ್ಳಿ. ಒಂದೇ ಕಡೆ ಮೂರಕ್ಕಿಂತ ಜಾಸ್ತಿ ಸಲ ಬಂದರೆ ತಿದ್ದಿ. 20ರಲ್ಲಿ ಎಡಕ್ಕೆ 10, ಬಲಕ್ಕೆ 10 ಇರಲಿ.

ಒಂದೇ ಕಡೆಯ ಹಟ: ಕೆಲವು ಆಮೆಗಳು ಏನೇ ಇಟ್ಟರೂ ಎಡಕ್ಕೇ ಹೋಗುತ್ತವೆ. ಅರ್ಧದಷ್ಟು ಸಲ ಊಟ ಸಿಗುವಾಗ ಅವಕ್ಕೇನು ನಷ್ಟ? ಆಗ ಗೆರೆಯನ್ನು ಬಲಕ್ಕಿಟ್ಟು, ಅದು ಬಲಕ್ಕೆ ಬರುವವರೆಗೂ ಅಲ್ಲೇ ಬಿಡಿ. ಈ ತಿದ್ದುಪಡಿಯ ಸುತ್ತುಗಳನ್ನು ಅಂಕಕ್ಕೆ ಸೇರಿಸಬೇಡಿ.

ಒಂದು ದಿನಕ್ಕೆ 10 ಸುತ್ತು ಸಾಕು. 20 ಸುತ್ತಿನಲ್ಲಿ 15 ಅಥವಾ ಹೆಚ್ಚು ಸರಿಯಾದರೆ ಪಾಸು. ಬರೀ ಅದೃಷ್ಟದಿಂದ ಅಷ್ಟು ಬರುವ ಸಾಧ್ಯತೆ ನೂರಕ್ಕೆ ಎರಡರಷ್ಟು. 10ರಲ್ಲಿ 8 ಬಂದಿತು ಅಂತ ಸಂಭ್ರಮಿಸಬೇಡಿ, ಅದು ಅದೃಷ್ಟದಿಂದಲೇ ನೂರಕ್ಕೆ ಐದಕ್ಕಿಂತ ಹೆಚ್ಚು ಸಲ ಬರುತ್ತದೆ. ದಪ್ಪ ಗೆರೆಯಲ್ಲಿ ಎರಡು ಸಲ ಬೆನ್ನುಬೆನ್ನಿಗೆ ಪಾಸಾದ ಮೇಲೆಯೇ ಮುಂದಿನ ಹಂತ.

ಹಂತ 6: ಗೆರೆ ಸಣ್ಣ ಮಾಡುತ್ತಾ ಹೋಗಿ

ಒಂದೊಂದು ಕಾರ್ಡಿಗೂ 20 ಸುತ್ತು. ಪಾಸಾದರೆ ಮುಂದಿನ ಸಣ್ಣ ಗೆರೆ. ಫೇಲಾದರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ ಮತ್ತೆ ನೋಡಿ, ಆಮೇಲೆ ಫೇಲಾದ ಕಾರ್ಡನ್ನು ಇನ್ನೊಮ್ಮೆ ಇಡಿ.

ಪ್ರತಿದಿನದ 10 ಸುತ್ತಿನ ನಡುವೆ 10 ಮಿ.ಮೀ. ಜೋಡಿಯ ಸುಲಭದ ಕಾರ್ಡನ್ನು ಎರಡು ಮೂರು ಸಲ ತೂರಿಸಿ. ಇವನ್ನು 20ರ ಲೆಕ್ಕಕ್ಕೆ ಸೇರಿಸಬೇಡಿ, ಬೇರೆ ಕಾಲಂನಲ್ಲಿ ಬರೆಯಿರಿ. ಆಮೆ ಅದರಲ್ಲೂ ತಪ್ಪಿದರೆ ಆ ದಿನದ ಅಂಕ ಎಸೆದುಬಿಡಿ. ಅದಕ್ಕೆ ಅವತ್ತು ಹಸಿವಿಲ್ಲ, ಚಳಿಯಾಗಿದೆ, ಇಲ್ಲವೇ ಮನಸ್ಸಿಲ್ಲ. ಈ ಕಾರ್ಡ್ ಇಲ್ಲದೆ ಮಾಡಿದ ಪರೀಕ್ಷೆಯಲ್ಲಿ "ಕಾಣಲಿಲ್ಲ" ಮತ್ತು "ಬೇಕಾಗಲಿಲ್ಲ" ಎರಡೂ ಒಂದೇ ಥರ ಇರುತ್ತವೆ. ನನಗೆ ತೋರಿಸಲು ಕಳಿಸುವ ನೋಟ್‌ಬುಕ್‌ಗಳಲ್ಲಿ ಹೆಚ್ಚಾಗಿ ಕಾಣೆಯಾಗಿರುವುದು ಇದೇ ಕಾಲಂ.

ಓಣಿಯ ಬಾಯಲ್ಲಿ ನಿಂತು ಆಮೆ ತಲೆಯನ್ನು ಅತ್ತ ಇತ್ತ ತಿರುಗಿಸಲು ಶುರು ಮಾಡಿದರೆ ಕಾಯಿರಿ. ಗೆರೆ ಸಣ್ಣದಾದಂತೆ ಈ ನಿಲುಗಡೆ ಉದ್ದವಾಗುವುದುಂಟು. ಎಷ್ಟು ಸೆಕೆಂಡ್ ನಿಂತಿತು ಅಂತ ಬರೆದಿಟ್ಟರೆ ಅಂಕದ ಜೊತೆಗೆ ಅದೂ ಒಂದು ಸುಳಿವು.

ಹಂತ 7: ಖಾಲಿ ಪರೀಕ್ಷೆ

ಕೊನೆಗೆ ಎರಡೂ ಓಣಿಗೆ ಬೂದು ಕಾರ್ಡನ್ನೇ ಇಡಿ. ನಿಮ್ಮ ಪಟ್ಟಿಯಲ್ಲಿ ಮಾತ್ರ ಒಂದನ್ನು "ಸರಿ" ಅಂತ ಗುರುತಿಸಿಕೊಳ್ಳಿ, ಉಳಿದದ್ದೆಲ್ಲ ಮೊದಲಿನಂತೆಯೇ ನಡೆಸಿ. ಅಂಕ 10ರ ಆಸುಪಾಸು ಬರಬೇಕು. 15 ಬಂದರೆ ಆಮೆಗೆ ಬೇರೆ ಯಾವುದೋ ಸುಳಿವು ಸಿಗುತ್ತಿದೆ. ಹಿಂದಿನ ಅಂಕಗಳನ್ನೆಲ್ಲ ಬದಿಗಿಟ್ಟು ಹಂತ 5ರ ಪಟ್ಟಿಯನ್ನು ಮತ್ತೆ ನೋಡಿ. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ನಿಮ್ಮ ಸಂಖ್ಯೆಯನ್ನು ಯಾರೂ ನಂಬಬೇಕಾಗಿಲ್ಲ.

ಹಂತ 8: ಲೆಕ್ಕ

ಒಂದು ಉದಾಹರಣೆ. ಡಿಗ್ರಿಗೆ 3 ಜೋಡಿಯ ಕಾರ್ಡಿನಲ್ಲಿ 20ಕ್ಕೆ 18, 4 ಜೋಡಿಯದರಲ್ಲಿ 16, 5 ಜೋಡಿಯದರಲ್ಲಿ 11 ಬಂದಿತು ಅಂತಿಟ್ಟುಕೊಳ್ಳಿ. ನಮ್ಮ ಗಡಿ 15. ಅದು 16 ಮತ್ತು 11ರ ನಡುವೆ ಐದರಲ್ಲಿ ಒಂದು ಪಾಲು ಕೆಳಗಿದೆ. ಹಾಗಾಗಿ ಉತ್ತರ 4.2.

ಇದನ್ನು ಕಣ್ಣಿನ ಡಾಕ್ಟರ ಭಾಷೆಗೆ ತರಬಹುದು. 6/6 ದೃಷ್ಟಿ ಅಂದರೆ ಡಿಗ್ರಿಗೆ 30 ಜೋಡಿ. 4.2ನ್ನು 30ರಿಂದ ಭಾಗಿಸಿದರೆ 0.14. 6ನ್ನು 0.14ರಿಂದ ಭಾಗಿಸಿದರೆ ಸುಮಾರು 43. ಅಂದರೆ 6/43: ಸರಿಯಾದ ಕಣ್ಣಿನ ಮನುಷ್ಯ 43 ಮೀಟರಿನಿಂದ ಗುರುತಿಸುವುದನ್ನು ಈ ಆಮೆ 6 ಮೀಟರಿನಿಂದ ಗುರುತಿಸುತ್ತದೆ.

ಹೋಲಿಸಲು ಒಂದು ನಿಜವಾದ ಸಂಖ್ಯೆ ಬೇಕಲ್ವಾ? ಅಮೆರಿಕದ ಬಾರ್ಟಲ್ ಮತ್ತು ಸಂಗಡಿಗರು ಎಳೆಯ ಲಾಗರ್‌ಹೆಡ್ ಕಡಲಾಮೆಗಳಿಗೆ ಹೀಗೇ ಗೆರೆ ಫಲಕ ಗುರುತಿಸಲು ಕಲಿಸಿ, 2003ರಲ್ಲಿ ಪ್ರಕಟಿಸಿದ ಫಲಿತಾಂಶ 0.187. ನಮ್ಮ ಲೆಕ್ಕದಲ್ಲಿ ಡಿಗ್ರಿಗೆ ಸುಮಾರು 5.6 ಜೋಡಿ, ಅಥವಾ 6/32. ಅದೇ ಜಾತಿಯನ್ನು 2002ರಲ್ಲಿ ಅವರು ಬೇರೆ ದಾರಿಯಲ್ಲೂ ಅಳೆದಿದ್ದರು. ಕಣ್ಣಿಗೆ ಗೆರೆ ತೋರಿಸಿ, ನರಮಂಡಲದಲ್ಲಿ ಏಳುವ ಸಣ್ಣ ವಿದ್ಯುತ್ ಅಲೆಯನ್ನು ತಂತಿಯಿಂದ ದಾಖಲಿಸುವ ವಿಧಾನ ಅದು. ಆಗ ಬಂದದ್ದು 0.130ರಿಂದ 0.215. ಎರಡು ದಾರಿಯ ಉತ್ತರ ಹೀಗೆ ಒಂದರೊಳಗೊಂದು ಕೂತಾಗಲೇ ಸಂಖ್ಯೆಗೆ ಬೆಲೆ. ವಿದ್ಯುತ್ ಅಲೆಯ ವಿಧಾನ ಮನೆಯಲ್ಲಿ ಆಗದು. ಅಕ್ಷಿಪಟಲದ ಕೋಶ ಎಣಿಸಿ ಅಂದಾಜು ಮಾಡುವ ಮೂರನೇ ವಿಧಾನಕ್ಕೆ ಸತ್ತ ಆಮೆಯ ಕಣ್ಣು ಬೇಕು, ಅದರ ಸುದ್ದಿಗೇ ಹೋಗಬೇಡಿ.

ನಿಮ್ಮ ಆಮೆಗೆ ಡಿಗ್ರಿಗೆ 2 ಜೋಡಿ ಬಂದರೆ ಅದು ಕುರುಡು ಅಂತಲ್ಲ. ಕಲಿಸಿದ ಪರೀಕ್ಷೆ ಕೊಡುವುದು "ಕನಿಷ್ಠ ಇಷ್ಟಾದರೂ ಕಾಣುತ್ತದೆ" ಅನ್ನುವ ಉತ್ತರ ಮಾತ್ರ.

ಕಲಿಸಲು ಆಗದ ಮರಿಗಳಿಗೆ: ತಿರುಗುವ ಡ್ರಮ್

ಮರಿಗಳಿಗೆ ತಾಳ್ಮೆ ಇಲ್ಲ, ನಿಮಗೂ ಇಲ್ಲ ಅಂದರೆ ಇನ್ನೊಂದು ದಾರಿ ಇದೆ. ಸುತ್ತಲಿನ ಗೆರೆಗಳು ಒಟ್ಟಿಗೆ ಜರುಗಿದರೆ ಆಮೆಯ ಕಣ್ಣು, ತಲೆ ತಾವಾಗಿಯೇ ಅವುಗಳ ಹಿಂದೆ ನಿಧಾನಕ್ಕೆ ಹೋಗಿ, ಥಟ್ಟನೆ ವಾಪಸ್ ಬರುತ್ತವೆ. ಓಡುವ ರೈಲಿನ ಕಿಟಕಿಯಲ್ಲಿ ಕಂಬ ನೋಡುವವರ ಕಣ್ಣು ಆಡುವ ಹಾಗೆ. ಕಲಿಸುವ ಅಗತ್ಯವೇ ಇಲ್ಲ.

1. 40 ಸೆಂ.ಮೀ. ಅಗಲದ ರಟ್ಟಿನ ಉರುಳೆ ಮಾಡಿ, ಒಳಗಡೆ ಗೆರೆ ಕಾಗದ ಅಂಟಿಸಿ. ಕೇಕ್ ತಿರುಗಿಸುವ ಮಣೆಯ ಮೇಲೆ ಕೂರಿಸಿದರೆ ಸಲೀಸಾಗಿ ತಿರುಗುತ್ತದೆ. ಆಮೆಯ ಪಾತ್ರೆ ಮಾತ್ರ ತಿರುಗಬಾರದು, ಅದನ್ನು ಮೇಲಿನಿಂದ ತೂಗುಹಾಕಿ.

2. ದುಂಡನೆಯ ಪಾರದರ್ಶಕ ಪಾತ್ರೆಯಲ್ಲಿ ಆಮೆಯನ್ನು ನಡುವೆ ಇಡಿ, ಚಿಪ್ಪು 10 ಸೆಂ.ಮೀ. ಮೀರದ ಆಮೆಯಾದರೆ ಒಳ್ಳೆಯದು. ತಲೆ ಹೊರಗೆ ಹಾಕಿ ಸುತ್ತ ನೋಡಲು ಶುರು ಮಾಡುವವರೆಗೆ ಕಾಯಿರಿ.

3. ನಿಮಿಷಕ್ಕೆ ಒಂದು ಸುತ್ತು ಬರುವಷ್ಟು ನಿಧಾನ ತಿರುಗಿಸಿ. ಜೋರಾಗಿ ತಿರುಗಿಸಿದರೆ ಆಮೆ ಕೈಬಿಡುತ್ತದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಮೇಲಿನಿಂದ ವಿಡಿಯೋ ಮಾಡಿ.

4. ಗೆರೆ ಸಣ್ಣ ಮಾಡುತ್ತಾ ಹೋಗಿ, ತಲೆ ಹಿಂಬಾಲಿಸುವುದು ನಿಂತ ಹಂತ ಗುರುತಿಸಿ.

ಲೆಕ್ಕ ಇಲ್ಲಿ ಇನ್ನೂ ಸುಲಭ: ಉರುಳೆಯ ಸುತ್ತ ಒಟ್ಟು ಎಷ್ಟು ಜೋಡಿ ಇವೆ ಅಂತ ಎಣಿಸಿ 360ರಿಂದ ಭಾಗಿಸಿ. 360 ಜೋಡಿ ಇದ್ದರೆ ಡಿಗ್ರಿಗೆ 1. ಕಾಗದದ ಎರಡು ಅಂಚು ಸೇರುವ ಜಾಗ ಎದ್ದು ಕಾಣದಂತೆ ಅಂಟಿಸಿ, ಇಲ್ಲದಿದ್ದರೆ ಆಮೆ ಆ ಸಂದನ್ನೇ ಹಿಂಬಾಲಿಸುತ್ತದೆ. ಬರೀ ಬೂದು ಕಾಗದ ಅಂಟಿಸಿ ಒಮ್ಮೆ ತಿರುಗಿಸಿ ನೋಡುವುದನ್ನೂ ಮರೆಯಬೇಡಿ. ಈ ವಿಧಾನದಲ್ಲಿ ಸಂಖ್ಯೆ ಕಲಿಸಿದ ಪರೀಕ್ಷೆಗಿಂತ ಕಡಿಮೆ ಬರಬಹುದು. ಇಡೀ ಸುತ್ತಣ ನೋಟ ಜರುಗಿದ್ದನ್ನು ಹಿಂಬಾಲಿಸುವುದು ಬೇರೆ, ಒಂದು ಸಣ್ಣ ವಿವರವನ್ನು ಗುರುತಿಸುವುದು ಬೇರೆ. ಎರಡು ವಿಧಾನದ ಸಂಖ್ಯೆಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ.

ಜೊತೆಗೆ ಬರುವ ಪ್ರಶ್ನೆಗಳು

ನೀರಿನ ಹೊರಗೆ ಅಳೆದರೆ ಆಗುವುದಿಲ್ಲವಾ? ಆಗುತ್ತದೆ, ಆದರೆ ಅದು ಬೇರೆ ಅಳತೆ. ನೀರಿನೊಳಗೆ ಹೋದಾಗ ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಬೆಳಕನ್ನು ಬಗ್ಗಿಸುವ ಶಕ್ತಿಯನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಸಿಹಿನೀರಿನ ಆಮೆಗಳು ಕಣ್ಣಿನೊಳಗಿನ ಮಸೂರವನ್ನು ಸ್ನಾಯುಗಳಿಂದ ಹಿಂಡಿ ಉಬ್ಬಿಸಿ ಅದನ್ನು ಸರಿದೂಗಿಸುತ್ತವೆ. ಕಡಲಾಮೆಗಳ ಕಥೆ ಬೇರೆ. ಹಸಿರು ಕಡಲಾಮೆಯ ಕಣ್ಣು ನೀರಿನಲ್ಲಿ ಸರಿಯಾಗಿ ಕೇಂದ್ರೀಕರಿಸಿ, ಗಾಳಿಯಲ್ಲಿ ಸಮೀಪದೃಷ್ಟಿಯದಾಗುತ್ತದೆ ಅಂತ ಎಹ್ರೆನ್‌ಫೆಲ್ಡ್ ಮತ್ತು ಕೋಖ್ 1967ರಲ್ಲಿ ಕಂಡುಕೊಂಡರು. ದಡದಲ್ಲಿ ಅದಕ್ಕೆ ದೂರದ್ದೆಲ್ಲ ಮಸುಕು.

ಹಾಗಾದರೆ ಮೊಟ್ಟೆಯಿಂದ ಬಂದ ಕಡಲಾಮೆ ಮರಿಗೆ ಸಮುದ್ರ ಹೇಗೆ ಸಿಗುತ್ತದೆ? ಗೆರೆ ಬಿಡಿಸುವ ದೃಷ್ಟಿ ಅದಕ್ಕೆ ಬೇಕೇ ಇಲ್ಲ. ಬೆಳಕು ಹೆಚ್ಚಿರುವ, ತಗ್ಗಾಗಿ ತೆರೆದಿರುವ ಕಡೆಗೆ ಅದು ಹೋಗುತ್ತದೆ, ಎತ್ತರದ ಕಪ್ಪು ಆಕೃತಿಗಳಿಂದ ದೂರ ಸರಿಯುತ್ತದೆ. ಆದ್ದರಿಂದಲೇ ಹೊನ್ನಾವರ, ಕುಂದಾಪುರ ಕಡೆಯ ಕಡಲತೀರಗಳಲ್ಲಿ ಆಲಿವ್ ರಿಡ್ಲಿ ಮೊಟ್ಟೆ ಇಡುವ ತಿಂಗಳುಗಳಲ್ಲಿ ದಡದ ದೀಪ ಆರಿಸಿ ಅನ್ನುವುದು. ಅಲ್ಲಿ ಟಾರ್ಚ್ ಹಿಡಿದು "ಮರಿಗೆ ಕಾಣುತ್ತದಾ" ಅಂತ ಪರೀಕ್ಷೆ ಮಾಡಬೇಡಿ.

ಬಣ್ಣ ಕಾಣುತ್ತದಾ? ಚೆನ್ನಾಗಿಯೇ. ಸ್ಲೈಡರಿನ ಬಣ್ಣದ ಕೋಶಗಳೊಳಗೆ ಕೆಂಪು, ಹಳದಿ ಎಣ್ಣೆಹನಿಗಳಿದ್ದು ಸೋಸುಗಗಳಂತೆ ಕೆಲಸ ಮಾಡುತ್ತವೆ. ಅರ್ನಾಲ್ಡ್ ಮತ್ತು ನಾಯ್ಮೆಯರ್ 1987ರಲ್ಲಿ ಸ್ಲೈಡರ್‌ಗಳಿಗೆ ಬಣ್ಣ ಗುರುತಿಸಲು ಕಲಿಸಿ ಪರೀಕ್ಷಿಸಿದ್ದರು. ಮನೆಯಲ್ಲಿ ಬಣ್ಣದ ಪರೀಕ್ಷೆ ಮಾಡಲು ಹೋಗಬೇಡಿ ಅನ್ನುವುದು ನನ್ನ ಸಲಹೆ. ಎರಡು ಬಣ್ಣದ ಹೊಳಪನ್ನು ಆಮೆಯ ಕಣ್ಣಿಗೆ ಸಮ ಮಾಡುವುದು ಮುದ್ರಿಸಿದ ಕಾಗದದಿಂದ ಆಗುವ ಕೆಲಸವಲ್ಲ.

ಪ್ರತಿ ಸಲ ತೊಟ್ಟಿಗೆ ಕೈ ಹಾಕಿದ ಮೇಲೆ ಸೋಪು ಹಾಕಿ ತೊಳೆಯಿರಿ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ. ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನೇ ಈ ಕಾರಣಕ್ಕೆ ನಿಷೇಧಿಸಿದ್ದಾರೆ. ಅಡುಗೆಮನೆಯ ಸಿಂಕಿನಲ್ಲಿ ತೊಟ್ಟಿಯ ಸಾಮಾನು ತೊಳೆಯಬೇಡಿ.

ಮುದ್ರಿಸಿದ ಕಾರ್ಡ್‌ಗಳನ್ನು ಬಿಸಿಲು ಬೀಳದ ಕಡೆ ಎತ್ತಿಡಿ. ಆರು ತಿಂಗಳ ನಂತರ ಅದೇ ಕಾರ್ಡ್, ಅದೇ ಬೆಳಕು, ಅದೇ ಬಿಸಿಯ ನೀರಿನಲ್ಲಿ ಮತ್ತೆ ಅಳೆಯಿರಿ. ಸುಲಭದ ಕಾರ್ಡಿನಲ್ಲಿ ಸರಿಯಾಗಿದ್ದು, ಗಡಿ ಮಾತ್ರ ಎರಡು ಮೆಟ್ಟಿಲು ಹಿಂದೆ ಬಂದಿದ್ದರೆ ಆಮೆಯನ್ನೂ ನೋಟ್‌ಬುಕ್ಕನ್ನೂ ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ತೆಗೆದುಕೊಂಡು ಹೋಗಿ.